ಐವತ್ತೆಂಟು ಇಂಚಿನವಳು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ಹೆಜ್ಜೆಯನ್ನೂ ನೆಟ್ಟಗೆ ಹಾಕಲು ಬಾರದೆ ಕುಣಿತದ ಕತೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಗಂಡಹೆಂಡಿರ ನಡುವಿನ ಮಾತನ್ನು ಹೊರಗೆ ಹಾಕುವುದು ಇನ್ನೊಂದು ತಪ್ಪು. ಅದನ್ನೂ ಇದರಲ್ಲೇ ಸೇರಿಸಿಕೊಳ್ಳಬೇಕು.

ಅವಳು ದರ್ಜಿ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಮನೆಯಲ್ಲಿ ಗಡಿಯಾರದ ಸದ್ದೇ ಜಾಸ್ತಿಯಾಯಿತೆಂದು ಇಬ್ಬರೂ ಟೈರ್ ಅಂಗಡಿಯ ಮಹಡಿಯಲ್ಲಿ ನಡೆಯುವ ಸಾಲ್ಸಾ ಎಂಬ ಜೋಡಿ ಕುಣಿತದ ತರಗತಿಗೆ ಸೇರಿದ್ದರು. ಮೊದಲ ಹಂತ ಹೇಗೋ ಮುಗಿಯಿತು. ಅಷ್ಟರಲ್ಲಿ ಅವನು ತುಳಿಯದ ಕಾಲು ತರಗತಿಯಲ್ಲಿ ಉಳಿದಿರಲಿಲ್ಲ. ಎರಡನೆಯ ಹಂತದಲ್ಲಿ ಬರೀ ಹೆಜ್ಜೆ ಸಾಲದು, ವರಸೆಗಳು ಬೇಕು. ಗಂಡಸು ಕೈಯೆತ್ತಿ ಜೋಡಿಯನ್ನು ಅದರಡಿ ಸುತ್ತಿಸಬೇಕು. ಆಮೇಲೆ ಅವಳ ಕೈಯನ್ನು ತನ್ನ ಬೆನ್ನ ಹಿಂದೆ ಒಯ್ದು, ತಿರುಗಿ ನೋಡದೆ, ಬಲಗೈಯಿಂದ ಎಡಗೈಗೆ ದಾಟಿಸಬೇಕು.

ಮೂರನೆಯ ವಾರ ಅವನು ಇದ್ದಕ್ಕಿದ್ದಂತೆ ಒಂದು ಎಣಿಕೆಯನ್ನೂ ತಪ್ಪಲಿಲ್ಲ. ಟೀಚರ್ ಕೂಡ ನಿಂತು ನೋಡಿದರು. ತಪ್ಪಿದ್ದು ಒಂದೇ: ಸುತ್ತಿಸುವಾಗ ಅವನ ಕೈ ಹೆಂಡತಿಯ ಹಣೆಗೆ ಬಡಿಯಿತು. ಎರಡನೆಯ ಸಲವೂ ಅಲ್ಲಿಗೇ.

"ಜನರನ್ನ ಹನ್ನೆರಡನೇ ಮಹಡಿಗೆ ಎತ್ತೋರು ನೀವು. ಕೈ ಒಂದು ಗೇಣು ಜಾಸ್ತಿ ಎತ್ತೋಕಾಗಲ್ವಾ?" ಅಂದಳು.

"ಇಷ್ಟೆತ್ತಿದ್ರೆ ಸಾಕಾಗ್ತಿತ್ತು," ಅಂದ ಅವನು, ಅವಳ ಹಣೆ ಸವರುತ್ತ.

ಸಾಕಾಗುತ್ತಿತ್ತಂತೆ. ಯಾರಿಗೆ?

ಆ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ಸಿಕ್ಕಿಕೊಂಡಿತು. ಮಂಗಳವಾರ, ಗುರುವಾರ ಮಧ್ಯಾಹ್ನ ಅವಳು ಗಿರಾಕಿಗಳ ಮನೆಗೆ ಅಳತೆಗೆ ಹೋಗುತ್ತಾಳೆ. ಆ ಎರಡು ಮಧ್ಯಾಹ್ನ ಅವನು ಫೋನ್ ಎತ್ತುವುದಿಲ್ಲ. ಕೇಳಿದರೆ, "ಲಿಫ್ಟ್ ಗುಂಡಿಯೊಳಗೆ ಸಿಗ್ನಲ್ ಸಿಗಲ್ಲ ಕಣೆ." ಇಷ್ಟು ದಿನ ನಂಬಿದ್ದಳು. ಈಗ ಬೆನ್ನು ಒದ್ದೆಯಾದ ಅಂಗಿಯನ್ನು ಒಗೆಯಲು ಹಾಕುವಾಗ ಮೂಸಿ ನೋಡತೊಡಗಿದಳು. ಗ್ರೀಸಿನ ವಾಸನೆ ಅಷ್ಟಾಗಿ ಇರಲಿಲ್ಲ.

ದರ್ಜಿಯ ಕಣ್ಣಿಗೆ ಟೇಪು ಬೇಕಿಲ್ಲ. ಅವನ ಕೈ ಹಾದುಹೋಗುವುದು ನೆಲದಿಂದ ಅರವತ್ತು ಇಂಚಿನಲ್ಲಿ. ಅವಳ ಎತ್ತರ ಅರವತ್ತೈದು. ಆ ಕೈಯಡಿ ಕೂದಲು ಕೆದರದೆ ಸುತ್ತುವವಳು ಐವತ್ತೆಂಟರ ಆಸುಪಾಸಿನವಳೇ ಆಗಬೇಕು. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ ಅಂದರೆ ಬೇಕರಿ ನಡೆಸುವ ಅಕ್ಕ. ಒಂದು ಗೌನು ಹೊಲಿದುಕೊಡುವೆನೆಂದು ಅವಳನ್ನು ತನ್ನ ಹೊಲಿಗೆ ಅಂಗಡಿಗೆ ಕರೆದಳು.

"ಅಕ್ಕ, ಗೋಡೆಗೊರಗಿ ನೆಟ್ಟಗೆ ನಿಂತ್ಕೊಳ್ಳಿ."

"ಗೌನಿಗೆ ನೆತ್ತಿವರೆಗೂ ಯಾಕಮ್ಮ ಟೇಪು? ನನ್ನ ಹೂಳೋಕೆ ಪೆಟ್ಟಿಗೆ ಮಾಡಿಸ್ತಿದೀಯಾ?"

"ಇದು ಹೊಸ ಪದ್ಧತಿ." ಅರವತ್ತೊಂದು. ಲೆಕ್ಕ ಕೂಡಲಿಲ್ಲ. "ಜೋಡಿ ಬದಲಿಸಿದಾಗ ನಮ್ಮನೆಯವರ ಜೊತೆ ಕುಣಿಯೋದು ಹೇಗಿರುತ್ತೆ ಅಕ್ಕ?"

"ಏನು ಹೇಳ್ಲಿ, ಮೊನ್ನೆ ನನ್ನ ತಲೆಗೂ ಒಂದು ಬಿತ್ತು. ನಿನ್ನ ಗಂಡ ಮನಸ್ಸಲ್ಲಿ ಯಾರನ್ನ ಇಟ್ಕೊಂಡು ಕುಣೀತಾನೋ, ಅವಳು ನನಗಿಂತ ಗಿಡ್ಡಿ ಬಿಡು." ಅಕ್ಕ ತಮಾಷೆಗೆ ಅಂದದ್ದು. ನಕ್ಕು ಹೋದಳು.

ಹಾಗಾದರೆ ತರಗತಿಯವಳಲ್ಲ. ಹೊರಗಿನವಳು. ಇಪ್ಪತ್ತೊಂದು ವರ್ಷದ ಸಂಸಾರ ಒಂದು ಎಳೆ ಜಗ್ಗಿದರೆ ಬಿಚ್ಚಿಹೋಗುವ ಹೊಲಿಗೆಯೇ ಆಗಿತ್ತೇ ಎಂದುಕೊಳ್ಳುತ್ತ, ದರ್ಜಿ ಅಭ್ಯಾಸದಂತೆ ಟೇಪನ್ನು ಬಟ್ಟೆ ತೊಡಿಸುವ ಬೊಂಬೆಯ ಕುತ್ತಿಗೆಗೆ ಹಾಕಲು ಹೋದಳು. ಕೈ ಅಲ್ಲೇ ನಿಂತಿತು.

ಬೊಂಬೆಗೆ ತಲೆಯಿಲ್ಲ; ಕುತ್ತಿಗೆಯ ಮೇಲೆ ಒಂದು ಮರದ ಗುಬುಟು, ಅಷ್ಟೆ. ಟೇಪು ಇಳಿಬಿಟ್ಟಳು. ಐವತ್ತೆಂಟು. ಬಗ್ಗಿ ನೋಡಿದರೆ ಕಬ್ಬಿಣದ ಕಾಲಿನ ಸುತ್ತ ನೆಲದಲ್ಲಿ ಹೊಸ ಗೀರುಗಳು, ದುಂಡಗೆ. ಬೊಂಬೆಗೆ ಹಾಕಿದ್ದ ಅರ್ಧ ಹೊಲಿದ ಕೋಟಿನಲ್ಲಿ, ಬೆನ್ನಿನ ಮೇಲೆ ಅಂಗೈ ಊರುವಷ್ಟು ಜಾಗದಲ್ಲಿ ಗುಂಡುಪಿನ್ನುಗಳೆಲ್ಲ ಬಾಗಿದ್ದವು. ಅಂಗಡಿಯ ಇನ್ನೊಂದು ಬೀಗದ ಕೈ ಇರುವುದು ಗಂಡನ ಹತ್ತಿರ.

ತಲೆಯಿಲ್ಲದವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಸ್ಟೂಲಿನ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಮುಂದಿನ ತರಗತಿಯಲ್ಲಿ ಅವನು ಕೈಯೆತ್ತುವ ಮೊದಲೇ ಕಿವಿಯಲ್ಲಿ ಹೇಳಿದಳು: "ರೀ, ನನಗೆ ತಲೆ ಇದೆ."

ಅವನ ಮುಖ ಕೆಂಪಾಯಿತು. "ಗೊತ್ತಾಗೋಯ್ತಾ? ನಾನು ಕಾಲು ತುಳಿದಾಗೆಲ್ಲ ನೀನು ಆ ಕಡೆ ತಿರುಗ್ತಿದ್ದೆ. ನಿಂಗೆ ನಾಚಿಕೆ ಆಗ್ತಿತ್ತು. ಅದಕ್ಕೆ ಅಂಗಡೀಲಿ ಕಲ್ತೆ."

ಅವಳು ಹಾಗೆ ಆ ಕಡೆ ತಿರುಗಿದ್ದು ನಿಜ. ಕೈಯಡಿ ತಲೆ ಬಗ್ಗಿಸಿ ಸುತ್ತಿದಳು. ಆಮೇಲೆ ಅವನ ಬೆನ್ನ ಹಿಂದಿನ ವರಸೆ. ಅಲ್ಲಿ ಅವನ ಎಡಗೈ ಕಾದು ನಿಂತಿತ್ತು. ಅವಳ ಬೆರಳು ಬರುವ ಕ್ಷಣಕ್ಕೆ ಸರಿಯಾಗಿ ತೆರೆದುಕೊಂಡು, ಹೆಬ್ಬೆರಳನ್ನು ಅವಳ ಬೆರಳ ಗೆಣ್ಣಿನ ಮೇಲೆ ಹಗುರವಾಗಿ ಇಟ್ಟಿತು. ತಡಕಾಡಲಿಲ್ಲ. ಅದು ಎಷ್ಟೋ ಸಲ ಕೈ ಹಿಡಿದು ಪಳಗಿದ ಕೈ.

ಬೊಂಬೆಗೆ ಕೈಯಿಲ್ಲ.

"ಇದನ್ನ ಯಾರ ಜೊತೆ ಕಲಿತ್ರಿ?" ಅಂದಳು.

"ಯಾವುದನ್ನ?"

"ಈ ಕೈ ಬದಲಿಸೋದು."

ಟೀಚರ್ ಚಪ್ಪಾಳೆ ತಟ್ಟಿದರು. "ಜೋಡಿ ಬದಲಿಸಿ." ಅವನು ಪಕ್ಕದವಳ ಮುಂದೆ ಹೋಗಿ ನಿಂತ. ತರಗತಿ ಮುಗಿದು ಮೆಟ್ಟಿಲಿಳಿಯುವಾಗ ಮತ್ತೆ ಕೇಳಬೇಕೆಂದು ಉಸಿರು ಎಳೆದುಕೊಂಡಳು. ಅವಳ ಶೂಗಳ ಚೀಲವನ್ನೂ ತಾನೇ ಹಿಡಿದುಕೊಂಡು ಮುಂದೆ ಇಳಿಯುತ್ತಿದ್ದವನು, "ಇವತ್ತು ಒಂದು ಸಲಾನೂ ತುಳೀಲಿಲ್ಲ ನೋಡು," ಅಂದ.

"ಹೂಂ," ಅಂದಳು.

ಮರುದಿನ ಹಳೆಯ ಬಟ್ಟೆಗೆ ಹತ್ತಿ ತುಂಬಿ ಒಂದು ತಲೆ ಹೊಲಿದು, ಸರಿಯಾಗಿ ಅರವತ್ತೈದು ಇಂಚಿಗೆ ಬರುವಂತೆ ಬೊಂಬೆಯ ಮೇಲೆ ಕೂರಿಸಿದಳು. ಕೈ ಹೊಲಿದು ಕೊಡಲಿಲ್ಲ. ಅವನು ಅದನ್ನು ನೋಡಿದ್ದಾಗಿ ಹೇಳಲಿಲ್ಲ. ಆದರೆ ಮುಂದಿನ ವಾರದಿಂದ ಅವನ ಕೈ ಅವಳ ನೆತ್ತಿಯ ಮೇಲಿಂದಲೇ ಹಾದುಹೋಯಿತು. ಮಂಗಳವಾರ, ಗುರುವಾರ ಮಧ್ಯಾಹ್ನ ಅವನು ಫೋನ್ ಈಗಲೂ ಎತ್ತುವುದಿಲ್ಲ. ಅವಳು ಈಗಲೂ ಫೋನ್ ಮಾಡುತ್ತಾಳೆ.

ಬೆನ್ನ ಹಿಂದೆ ಅವನು ಮೊದಲು ಹಿಡಿದು ಪಳಗಿದ ಕೈ ಯಾರದು, ಅಂಥದೊಂದು ಕೈ ಇತ್ತೋ ಇಲ್ಲವೋ, ಅವಳು ಆಮೇಲೆ ಕೇಳಲಿಲ್ಲ. ಅವಳಿಗೆ ತಿಳಿಯದ್ದು ನನಗೂ ತಿಳಿಯದು.