ಮುದ್ರೆ ಒಡೆಯದ ಪೆಟ್ಟಿಗೆಗಳು

ದೋನ್ ತಿಬುರ್ಸಿಯೊ ತನ್ನ ಆಟಿಕೆಗಳನ್ನು ಮಾರುತ್ತಾನಂತೆ ಎಂಬ ಸುದ್ದಿ ಹಬ್ಬಿದಾಗ ವಠಾರದಲ್ಲಿ ನಕ್ಕವರೇ ಹೆಚ್ಚು. ಆ ಮನುಷ್ಯ ಹೆಂಡತಿಯನ್ನಾದರೂ ಬಿಟ್ಟಾನು, ತಗಡಿನ ರೈಲುಗಳನ್ನು ಬಿಡುವವನಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಸುದ್ದಿ ಮಾತ್ರ ನಿಜವಾಗಿತ್ತು, ಕಾರಣ ಆ ಹೆಂಡತಿಯೇ ಆಗಿದ್ದಳು. ಎಲ್ಲರೂ ವೆವಾ ಎನ್ನುತ್ತಿದ್ದ ಹೆನೊವೆವಾಳ ಮೊಣಕಾಲು ಎರಡೂ ಸವೆದುಹೋಗಿದ್ದವು. ಮಹಡಿಯಿಂದ ಅಂಗಳಕ್ಕೆ ಇಳಿಯಬೇಕಾದರೆ ಕಂಬಿ ಹಿಡಿದುಕೊಂಡು, ಗೊತ್ತಿದ್ದ ಸಂತರನ್ನೆಲ್ಲ ಹೆಸರು ಹಿಡಿದು ಕೂಗುತ್ತ, ಏಡಿಯಂತೆ ಅಡ್ಡಡ್ಡ ಇಳಿಯುತ್ತಿದ್ದಳು. ತನ್ನನ್ನು ಇನ್ನು ಇಳಿಸುವುದಾದರೆ ನಾಲ್ಕು ಜನ ಹೊತ್ತೇ ಇಳಿಸಬೇಕು ಎಂದು ತಮಾಷೆ ಮಾಡುತ್ತಿದ್ದಳು. ಒಂದು ದಿನ ತಿಬುರ್ಸಿಯೊ ಆ ತಮಾಷೆಗೆ ನಗಲಿಲ್ಲ.

"ಪೆಟ್ಟಿಗೆಗಳನ್ನ ಮಾರಿಬಿಡ್ತೀನಿ ಕಣೇ ಮುದುಕಿ," ಎಂದ. "ಒಳ್ಳೆ ಡಾಕ್ಟರ ಹತ್ರ ಹೋಗಿ ಮೊಣಕಾಲಿನ ಆಪರೇಷನ್ ಮಾಡಿಸೋಣ."

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೇ ಕಾಲುನೋವು ಮರೆತು ಕುಣಿಯುತ್ತಿದ್ದರು. ವೆವಾ ಮಾತ್ರ ಹೆದರಿದಳು. ಯಾಕೆಂದರೆ ಆ ಪೆಟ್ಟಿಗೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಆಟಿಕೆಯೇ ಇರಲಿಲ್ಲ. ಹಳೇ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ ಬೀನ್ಸ್ ಕಾಳು ಇತ್ತು. ತೆಗೆದವಳು ಅವಳೇ, ತುಂಬಿದವಳೂ ಅವಳೇ.

ಇಷ್ಟು ವರ್ಷ ಒಬ್ಬ ಗಂಡಸಿಗೆ ತನ್ನ ಮನೆಯ ಕಪಾಟಿನಲ್ಲಿ ಏನಿದೆ ಎಂದು ಗೊತ್ತಾಗದಿರುವುದು ಹೇಗೆ ಎಂದು ಕೇಳಬೇಡಿ. ಈ ಆಟಿಕೆ ಸಂಗ್ರಹಿಸುವವರ ಜಾತಿಯೇ ಬೇರೆ. ಭಾನುವಾರದ ಲಗುನಿಯಾ ಸಂತೆಯಲ್ಲಿ ಅವರದೇ ಒಂದು ಸಾಲು ಇದೆ. ಅಲ್ಲಿ ಅಂಗಡಿಯವನು ಅಂಟಿಸಿದ ಕಾಗದದ ಮುದ್ರೆ ಒಡೆಯದ ಪೆಟ್ಟಿಗೆಯೇ ದೇವರು. ಮುದ್ರೆ ಒಡೆದರೆ ಬೆಲೆ ಅರ್ಧಕ್ಕಿಳಿಯಿತು, ಮರ್ಯಾದೆ ಪೂರ್ತಿ ಹೋಯಿತು. ಹಾಗಾಗಿ ಯಾರೂ ಒಳಗೆ ನೋಡುವುದಿಲ್ಲ, ಕೊಂಡವನೂ ನೋಡುವುದಿಲ್ಲ. ಮಾರುವವನು ಪೆಟ್ಟಿಗೆಯ ಮೇಲೆ ಅಂಗೈ ಊರಿ "ಮಾತು ಕೊಟ್ಟೆ" ಎಂದರೆ ಮುಗಿಯಿತು. ಆ ಮಾತು ಸುಳ್ಳಾದವನ ಹತ್ತಿರ ಆ ಸಾಲಿನಲ್ಲಿ ಮತ್ತೆ ಯಾರೂ ಒಂದು ಗೋಲಿಯನ್ನೂ ಕೊಳ್ಳುವುದಿಲ್ಲ. ತಿಬುರ್ಸಿಯೊ ಹೊಲಿಗೆ ಯಂತ್ರ ರಿಪೇರಿ ಮಾಡಿ ಬದುಕಿದವನು, ಆಸ್ತಿ ಅಂತ ಮಾಡಿದವನಲ್ಲ. ಆ ಸಾಲಿನಲ್ಲಿ ಮಾತ್ರ ಅವನು ದೊಡ್ಡ ಮನುಷ್ಯ, ಅವನ ಮಾತು ಎಂದರೆ ಮಾತು.

ಶುರುವಾದದ್ದು ಬಟ್ಟೆ ಗಿರಣಿ ಮುಚ್ಚಿದ ವರ್ಷ. ವಠಾರದ ಅರ್ಧ ಮನೆಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿತ್ತು. ಮೂರು ರಾಜರ ಹಬ್ಬದ ಹಿಂದಿನ ಸಂಜೆ ಮಕ್ಕಳು ಮಾತ್ರ ಎಂದಿನಂತೆ ತಮ್ಮ ಬೂಟುಗಳನ್ನು ಹೊಸ್ತಿಲಲ್ಲಿ ಸಾಲಾಗಿ ಇಟ್ಟರು, ರಾಜರು ಒಂಟೆಯ ಮೇಲೆ ಬಂದು ಅದರಲ್ಲಿ ಆಟಿಕೆ ಇಟ್ಟು ಹೋಗುತ್ತಾರೆಂದು. ಎದುರು ಮನೆಯ ಚೋನಾಳ ಗಂಡ ಆ ವರ್ಷವೇ ಅವಳನ್ನು ಬಿಟ್ಟು ಹೋಗಿದ್ದ. ಅವಳ ಮಗ ನಾಚೊ ಹರಕು ಬೂಟನ್ನು ಎಂಜಲು ಹಚ್ಚಿ ಉಜ್ಜಿ ಉಜ್ಜಿ ಹೊಳೆಯಿಸುತ್ತಿದ್ದ. ವೆವಾ ಅದನ್ನು ನೋಡಿದಳು. ತನ್ನ ಕೋಣೆಯಲ್ಲಿ ಸೂರಿನವರೆಗೆ ಜೋಡಿಸಿದ್ದ ಪೆಟ್ಟಿಗೆಗಳನ್ನೂ ನೋಡಿದಳು. ಅವರಿಗೆ ಮಕ್ಕಳಿರಲಿಲ್ಲ. ಅಷ್ಟೊಂದು ಆಟಿಕೆ ಇದ್ದ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅದು ಅವಳಿಗೆ ಸಹಿಸಲಾಗಲಿಲ್ಲ. ಕೆಟಲಿನ ಹಬೆಗೆ ಮುದ್ರೆ ಹಿಡಿದು ಬಿಡಿಸಿದಳು, ಆಟಿಕೆ ತೆಗೆದು ತೂಕಕ್ಕೆ ಕಾಳು ತುಂಬಿ, ಮೈದಾ ಅಂಟಿನಲ್ಲಿ ಮತ್ತೆ ಮೆತ್ತಿದಳು. ಒಂದು ಸಲ ಕೈ ಪಳಗಿದ ಮೇಲೆ ಕೇಳಬೇಕೆ? ಗಿರಣಿಯವರಿಗೆ ಬೇರೆ ಕೆಲಸ ಸಿಕ್ಕ ಮೇಲೂ ಪ್ರತಿ ಜನವರಿಯಲ್ಲಿ ಯಾವುದಾದರೂ ಬೂಟು ಖಾಲಿ ಕಾಣಿಸುತ್ತಲೇ ಇತ್ತು.

ಈಗ ಮಾರಾಟ ತಪ್ಪಿಸಲು ವೆವಾ ಮಾಡದ ಉಪಾಯವಿಲ್ಲ. ಮೊಣಕಾಲು ವಾಸಿಯಾಗಿದೆ ಎಂದು ಅಂಗಳದಲ್ಲಿ ನಡೆದು ತೋರಿಸಿದಳು, ನೀರಿನ ತೊಟ್ಟಿಯ ಹತ್ತಿರ ಮುಗ್ಗರಿಸಿದಳು. ಒಟ್ಟಿಗೆ ಮಾರಬೇಡಿ, ವಾರಕ್ಕೊಂದರಂತೆ ಸಂತೆಯಲ್ಲಿ ಮಾರೋಣ, ಯಾವುದನ್ನು ಎಂದು ನಾನು ಆರಿಸಿ ಕೊಡುತ್ತೇನೆ ಎಂದಳು.

"ಬಿಡಿಬಿಡಿಯಾಗಿ ಮಾರೋಕೆ ಅದೇನು ಕೋಳಿ ಮಾಂಸನಾ?" ತಿಬುರ್ಸಿಯೊ ರೇಗಿದ. "ಹೋದ್ರೆ ಒಟ್ಟಿಗೆ ಒಬ್ಬನ ಮನೆಗೇ ಹೋಗ್ಬೇಕು. ಮೊಂತೆರ್ರೇಯಿಂದ ಲಿಯೊಬಾರ್ದೊ ಬರ್ತಿದ್ದಾನೆ, ಮಾತಾಡಿ ಆಯ್ತು. ಇಷ್ಟು ದಿನ ಈ ಡಬ್ಬಗಳನ್ನ ಆಚೆ ಎಸಿ ಅಂತಿದ್ದೆ. ಈಗ ಏನು ನಿನಗೆ?"



ಕೊಳ್ಳುವವನು ಬರುವ ದಿನ ಬೆಳಿಗ್ಗೆ ಚೋನಾ ಜೋಳದ ಹಿಟ್ಟಿನ ಕಡುಬು, ತಮಾಲೆ, ಕಟ್ಟಿಕೊಂಡು ಬಂದಳು. ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ. ತಿಬುರ್ಸಿಯೊ ಒಳಗೆ ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದ. ಚೋನಾ ದನಿ ತಗ್ಗಿಸಿದಳು.

"ಬಾಯಿ ಮುಚ್ಕೊಂಡು ಕೂತ್ಕೋ ವೆವಾ. ಆ ಮೊಂತೆರ್ರೇಯವನು ತೆಗೆದು ನೋಡ್ತಾನಾ? ಜನ್ಮದಲ್ಲಿ ನೋಡಲ್ಲ. ಒಯ್ದು ಅವನ ಕಪಾಟಲ್ಲಿ ಇಟ್ಕೊಂಡು ದಿನಾ ಧೂಳು ಒರೆಸ್ತಾನೆ. ಇವನಿಗೂ ಗೊತ್ತಾಗಲ್ಲ, ಅವನಿಗೂ ಗೊತ್ತಾಗಲ್ಲ. ನಿನಗೆ ಕಾಲು ಬರುತ್ತೆ."

"ಇವರು ಮಾತು ಕೊಡ್ತಾರಲ್ಲೇ."

"ಕೊಡ್ಲಿ! ಅವನ ಪಾಲಿಗೆ ಅದು ಸತ್ಯನೇ ಅಲ್ವಾ?"

"ನನ್ನ ಪಾಲಿಗೆ ಅಲ್ವಲ್ಲ," ಎಂದಳು ವೆವಾ.

"ಹಾಗಾದ್ರೆ ಏಡಿ ಥರ ಇಳೀತಾ ಇರು," ಎಂದು ಚೋನಾ ಸಿಟ್ಟಿನಿಂದ ಎದ್ದು ಹೋದಳು. ಅವಳಿಗೂ ಹೆದರಿಕೆಯಿತ್ತು ಪಾಪ. ಮೊದಲ ಪೆಟ್ಟಿಗೆ ಖಾಲಿಯಾದದ್ದು ಅವಳ ಮಗನಿಗಾಗಿಯೇ ಅಲ್ಲವೆ?

ಲಿಯೊಬಾರ್ದೊ ಬಂದ. ಇಸ್ತ್ರಿ ಮುರಿಯದ ಅಂಗಿ, ಕತ್ತರಿಸಿ ಕೂರಿಸಿದ ಮೀಸೆ, ಕೈಗೆ ಬಿಳಿ ಹತ್ತಿಯ ಕೈಗವಸು. ಕಾಫಿಯನ್ನು ಮುಟ್ಟಲಿಲ್ಲ, ಪೆಟ್ಟಿಗೆಗಳ ಹತ್ತಿರ ಕಾಫಿ ತರಬಾರದು ಎಂದ. ತಿಬುರ್ಸಿಯೊ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು ಮೇಜಿನ ಮೇಲಿಟ್ಟ. ಬಂದವನು ಟಾರ್ಚು ಹಾಕಿ ಮೂಲೆ ನೋಡಿದ, ಬಣ್ಣ ನೋಡಿದ, ಮುದ್ರೆಯ ಮೇಲೆ ಬೆರಳಾಡಿಸಿದ. ಅವನ ಬೆರಳು ನಿಂತಾಗಲೆಲ್ಲ ವೆವಾಳ ಚಾಕುವೂ ನಿಲ್ಲುತ್ತಿತ್ತು. ಅವಳು ಮೇಜಿನ ಆ ತುದಿಯಲ್ಲಿ ಕೂತು ಅಡುಗೆಗೆಂದು ಪಾಪಾಸುಕಳ್ಳಿಯ ಎಲೆಯ ಮುಳ್ಳು ಹೆರೆಯುತ್ತಿದ್ದಳು, ಒಂದೇ ಎಲೆಯನ್ನು ಎಷ್ಟೋ ಹೊತ್ತಿನಿಂದ.

"ಅದ್ಭುತ," ಎಂದ ಲಿಯೊಬಾರ್ದೊ. "ಇಷ್ಟು ಚೆನ್ನಾಗಿ ಇಟ್ಟವರನ್ನ ನಾನು ನೋಡಿಲ್ಲ, ದೋನ್ ತಿಬುರ್ಸಿಯೊ."

"ಹೆಂಡತಿ," ತಿಬುರ್ಸಿಯೊ ಹೆಮ್ಮೆಯಿಂದ ತಲೆಯಾಡಿಸಿದ. "ಬೈಕೊಂಡೇ ನೋಡ್ಕೊಂಡಳು. ಒಂದು ಇಲಿನೂ ಹತ್ರ ಸುಳಿಯೋಕೆ ಬಿಡಲಿಲ್ಲ."

ಆ ಹೊಗಳಿಕೆ ವೆವಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ದರ ಮೊದಲೇ ನಿಂತಿತ್ತು. ಇನ್ನು ಉಳಿದದ್ದು ಒಂದೇ. ತಿಬುರ್ಸಿಯೊ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟ. ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯನ್ನು, ಮುಚ್ಚಳದ ಮೇಲೆ ಕೆಂಪು ಫೈರ್ ಎಂಜಿನ್ನಿನ ಚಿತ್ರವಿದ್ದದ್ದನ್ನು, ಮುಂದಕ್ಕೆ ಎಳೆದುಕೊಂಡ. ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಅದರ ಮೇಲೆ ಊರಲು ಎತ್ತಿದ. ಅವನ ಮುಖ ಚರ್ಚಿನಲ್ಲಿ ನಿಂತವನ ಹಾಗಿತ್ತು. ವೆವಾ ಕುರ್ಚಿಯಿಂದ ಎದ್ದದ್ದು ಹೇಗೋ ಅವಳಿಗೇ ತಿಳಿಯಲಿಲ್ಲ, ಮೊಣಕಾಲು ಚುಚ್ಚಿದ್ದೂ ಗೊತ್ತಾಗಲಿಲ್ಲ. ಆ ಅಂಗೈ ಕೆಳಗಿಳಿಯುವ ಮುಂಚೆ ಕೈಯಲ್ಲಿದ್ದ ಚಾಕುವನ್ನು ಮುದ್ರೆಯೊಳಗೆ ನುಗ್ಗಿಸಿ ಸರ್ರನೆ ಎಳೆದಳು.

ಗಂಡಸರಿಬ್ಬರೂ ಒಟ್ಟಿಗೆ ಚೀರಿದರು. ಯಾರಿಗೋ ಚೂರಿ ಹಾಕಿದರೂ ಅಷ್ಟು ಚೀರುತ್ತಿರಲಿಲ್ಲ ಎನ್ನಿ. ವೆವಾ ಒಳಗಿನ ಬಟ್ಟೆಯ ಗಂಟನ್ನು ಎಳೆದು ಮೇಜಿನ ಮೇಲೆ ಬಿಚ್ಚಿದಳು. ಕರಿ ಕಾಳು ಉರುಳಿ ನೆಲಕ್ಕೆಲ್ಲ ಚೆಲ್ಲಿತು.

"ಇದೇನಿದು?" ಎಂದ ಲಿಯೊಬಾರ್ದೊ.

"ಬೀನ್ಸ್," ಎಂದಳು ವೆವಾ. "ಹುಳ ಬೀಳಬಾರದು ಅಂತ ಹುರಿದು ಹಾಕಿದ್ದೆ."

ತಿಬುರ್ಸಿಯೊ ಕಾಳುಗಳನ್ನು ನೋಡಿದ, ಮುಚ್ಚಳದ ಚಿತ್ರವನ್ನು ನೋಡಿದ. "ನನ್ನ ಫೈರ್ ಎಂಜಿನ್ ಎಲ್ಲಿ?" ಎಂದು ಮೆಲ್ಲಗೆ ಕೇಳಿದ.

"ನಾಚೊಗೆ ಕೊಟ್ಟೆ. ಅವನಪ್ಪ ಬಿಟ್ಟು ಹೋದ್ನಲ್ಲ, ಆ ವರ್ಷ. ಇನ್ನೂ ಎಷ್ಟೋ ಇವೆ. ಹಬ್ಬಕ್ಕೆ ಯಾವ ಮಗುವಿನ ಬೂಟು ಖಾಲಿ ಇತ್ತೋ ಅದರಲ್ಲಿ ಇಟ್ಟೆ. ನಿಮಗೆ ಹೇಳಲಿಲ್ಲ. ಹೇಳಿದ್ರೆ ನೀವು ಬಿಡ್ತಿರಲಿಲ್ಲ."

ಅವನು ಕೂಗುತ್ತಾನೆ, ಮೇಜು ಗುದ್ದುತ್ತಾನೆ ಎಂದು ಅವಳು ಕಾದಳು. ಅವನು ಟೋಪಿಯ ಮೇಲೆಯೇ ಕುಸಿದು ಕೂತ.

"ನಾಚೊ," ಎಂದ. "ಏಣಿ ಮೇಲೇಳೋ ಕೆಂಪು ಗಾಡಿ. ಸ್ಪ್ರಿಂಗ್ ಮುರಿದು ಹೋಗಿದೆ ದೋನ್ ತಿಬು ಅಂತ ಅಳ್ತಾ ನನ್ನ ಹತ್ರ ತಂದಿದ್ದ. ನಾನೇ ಹೊಸ ಸ್ಪ್ರಿಂಗ್ ಹಾಕಿ ಕೊಟ್ಟೆ. ರಾಜರು ತಂದಿದ್ದು ಅಂದ. ರಾಜರು ತಂದಿದ್ದನ್ನ ಹೀಗಾ ಇಟ್ಕೊಳ್ಳೋದು, ಇಂಥದ್ದೇ ನನ್ನ ಹತ್ರ ಒಂದಿದೆ, ಒಂದು ಗೀರು ಬಿದ್ದಿಲ್ಲ, ನೋಡಿ ಕಲ್ತ್ಕೋ ಅಂತ ಕಿವಿ ಹಿಂಡಿ ಕಳಿಸಿದ್ದೆ."

ಲಿಯೊಬಾರ್ದೊಗೆ ನಗು ತಡೆಯಲಾಗಲಿಲ್ಲ.

"ನಗಬೇಡಿ," ಎಂದ ತಿಬುರ್ಸಿಯೊ. ಆ ದನಿಗೆ ಅವನ ನಗು ಅಲ್ಲೇ ನಿಂತಿತು.

ಆದರೆ ವ್ಯಾಪಾರಿ ವ್ಯಾಪಾರಿಯೇ. ಅವನು ಕೈಗವಸು ಕಳಚಲಿಲ್ಲ. ಆಟಿಕೆ ಇರುವ ಪೆಟ್ಟಿಗೆಗಳಾದರೂ ತನಗೆ ಬೇಕು ಎಂದ. ಯಾವುದರಲ್ಲಿ ಇದೆ ಎಂದು ತೆರೆದು ನೋಡಿದರೆ ಬೆಲೆ ಹೋಗುತ್ತದೆ, ನೋಡದಿದ್ದರೆ ಕೊಳ್ಳುವ ಹಾಗಿಲ್ಲ.

"ನನಗೆ ಗೊತ್ತು," ಎಂದಳು ವೆವಾ. "ಯಾವುದನ್ನ ಬಿಚ್ಚಿದ್ದೆ, ಯಾವುದನ್ನ ಬಿಚ್ಚಿಲ್ಲ, ನಾನು ಹೇಳ್ತೀನಿ."

"ಕ್ಷಮಿಸಿ ದೋನ್ಯಾ ವೆವಾ. ಕಟ್ಟಿಕೊಂಡ ಗಂಡನ ಕಣ್ಣಿಗೇ ಇಷ್ಟು ವರ್ಷ ಮಣ್ಣೆರಚಿದೋರು ನೀವು. ನಿಮ್ಮ ಮಾತಿನ ಮೇಲೆ ನಾನು ಒಂದು ಪೆಸೊನೂ ಇಡಲ್ಲ." ಅವನು ತಿಬುರ್ಸಿಯೊ ಕಡೆ ತಿರುಗಿದ. "ನೀವು ಮಾತು ಕೊಟ್ರೆ ತಗೋತೀನಿ. ಅಲ್ಲಿಗೆ ಹೋಗಿ ಒಂದೇ ಒಂದರಲ್ಲಿ ಕಾಳು ಸಿಕ್ರೂ ಲಗುನಿಯಾದಲ್ಲಿ ನಿಮ್ಮ ಹೆಸರು ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ."

ತಿಬುರ್ಸಿಯೊ ಗಲ್ಲ ಎತ್ತಿ ಹೆಂಡತಿಗೆ ಶುರು ಮಾಡು ಎಂದು ಸನ್ನೆ ಮಾಡಿದ.

ವೆವಾ ಒಂದೊಂದನ್ನೇ ಮುಟ್ಟಿ ಹೇಳತೊಡಗಿದಳು. ಡೋಲು ಬಾರಿಸುವ ಕರಡಿ, ಇದೆ. ರೈಲು, ಇಲ್ಲ, ಮೇಲಿನ ಮನೆಯ ಅವಳಿಗಳಿಗೆ. ಹಡಗು, ಇದೆ. ಮೋಟಾರ್ ಸೈಕಲ್ಲು, ಇಲ್ಲ, ಪೋಲಿಯೋ ಆಗಿದ್ದ ಹುಡುಗನಿಗೆ. ಮೊದಮೊದಲು ದನಿ ಗಟ್ಟಿಯಾಗಿತ್ತು. ಬರಬರುತ್ತ ಹೆದರಿಕೆ ಹತ್ತಿತು. ಒಂದು ತಪ್ಪಿದರೂ ಈ ಮನುಷ್ಯ ಇನ್ನು ಭಾನುವಾರ ಎಲ್ಲಿ ಮುಖ ತೋರಿಸುತ್ತಾನೆ? ಹೆಂಡತಿಯಾಗಿ ಅವನಿಂದ ತೆಗೆದುಕೊಂಡದ್ದು ಸಾಲದು ಎಂದು ಇದನ್ನೂ ಕಿತ್ತುಕೊಂಡರೆ? ಕೊನೆಯಲ್ಲಿ ಕುದುರೆಗಳು ಸುತ್ತುವ ತಿರುಗಣೆಯ ಪೆಟ್ಟಿಗೆ ಬಂತು. ಅವಳ ಕೈ ಅದರ ಮೇಲೆ ನಿಂತುಬಿಟ್ಟಿತು.

"ಇದು?" ಎಂದ ಲಿಯೊಬಾರ್ದೊ.

ಇದೆ ಎಂದರೂ ನಡೆಯುತ್ತಿತ್ತು, ಇಲ್ಲ ಎಂದರೂ ನಡೆಯುತ್ತಿತ್ತು. ಇಲ್ಲಿಯವರೆಗೆ ಸರಾಗವಾಗಿ ಹೇಳಿದವಳು ಇಲ್ಲಿ ತಡವರಿಸಿದರೆ ಹಿಂದೆ ಹೇಳಿದ್ದೆಲ್ಲ ನೀರಲ್ಲಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಇದು ನನಗೆ ನೆನಪಿಲ್ಲ," ಎಂದಳು.

ವ್ಯಾಪಾರಿ ನಿಟ್ಟುಸಿರು ಬಿಟ್ಟು ಟಾರ್ಚನ್ನು ಜೇಬಿಗಿಳಿಸಿದ. ತಿಬುರ್ಸಿಯೊ ಎದ್ದ. ತಿರುಗಣೆಯ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ. ಅವಳು ಇದೆ ಎಂದವನ್ನೆಲ್ಲ ಒಂದರ ಮೇಲೊಂದು ಪೇರಿಸಿದ. ಅವಳನ್ನು ಏನೂ ಕೇಳಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಅಂಗೈಯನ್ನು ಮೇಲಿನ ಪೆಟ್ಟಿಗೆಯ ಮೇಲೆ ಊರಿದ.

"ಮಾತು ಕೊಟ್ಟೆ," ಎಂದ.

ವೆವಾ ಮೇಜು ಹಿಡಿದುಕೊಂಡಳು. ಮದುವೆಯ ದಿನ ಚರ್ಚಿನಲ್ಲಿ ಇದೇ ಮನುಷ್ಯ ಹೂಂ ಎಂದಾಗಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ, ಇಷ್ಟು ಪ್ರೀತಿಯೂ ಉಕ್ಕಿರಲಿಲ್ಲ.

ಲಿಯೊಬಾರ್ದೊ ಕಂಬಳಿಗಳಲ್ಲಿ ಸುತ್ತಿ ಎಲ್ಲವನ್ನೂ ಗಾಡಿಗೆ ಸಾಗಿಸಿದ. ಬಂದ ಹಣ ಒಂದು ಮೊಣಕಾಲಿಗಾದರೂ ಸಾಕು. ಅವನು ಹೋದ ಮೇಲೆ ಗೋಡೆ ಬೋಳಾಗಿ ಕಂಡಿತು. ವೆವಾ ಬಗ್ಗಲಾರದೆ ಬಗ್ಗಿ ಕಾಳು ಆರಿಸಲು ಹೋದಳು.

"ಬಿಡು. ನಾನು ಗುಡಿಸ್ತೀನಿ," ಎಂದ ತಿಬುರ್ಸಿಯೊ. "ನಿನ್ನ ಮೇಲೆ ಸಿಟ್ಟು ಹೋಗಿಲ್ಲ ನನಗೆ."

"ಗೊತ್ತು."

"ಬೇಗ ಹೋಗೋದೂ ಇಲ್ಲ."

"ಇರಲಿ."

ಅವನು ತಿರುಗಣೆಯ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡ. ಮತ್ತೆ ಕಪಾಟಿಗೇ ಇಡುತ್ತಾನೆ ಎಂದುಕೊಂಡಿದ್ದಳು. ಅವನು ಅವಳ ಚಾಕುವನ್ನು ತೆಗೆದುಕೊಂಡು ತನ್ನ ಕೈಯಾರೆ ಮುದ್ರೆ ಸೀಳಿದ, ಜನ್ಮದಲ್ಲಿ ಮೊದಲ ಸಲ. ಒಳಗೆ ಹಳೇ ದಿಂಬಿನ ಚೀಲದ ತುಂಡಿತ್ತು. ಅದರಲ್ಲಿ ಕಾಳಿತ್ತು.

"ಯಾರಿಗೆ ಕೊಟ್ಟೆ ಇದನ್ನ?"

ಅವಳು ನೆನಪಿಸಿಕೊಳ್ಳಲು ನೋಡಿದಳು. ಬೂಟುಗಳ ಸಾಲು ಕಣ್ಣ ಮುಂದೆ ಬಂತು, ಮುಖ ಬರಲಿಲ್ಲ. "ನೆನಪಾಗ್ತಿಲ್ಲ," ಎಂದಳು.

"ಇದನ್ನ ಕೊಳ್ಳೋಕೆ ಒಂದು ಚಳಿಗಾಲ ಪೂರ್ತಿ ಸಿಗರೇಟು ಬಿಟ್ಟಿದ್ದೆ ನಾನು." ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ. "ಕೊಟ್ಟಿದ್ದನ್ನ ಒಂದು ದಿನ ಕ್ಷಮಿಸಿಬಿಡ್ತೀನಿ ವೆವಾ. ಯಾರಿಗೆ ಅಂತ ನೀನು ಮರೀಬಾರದಿತ್ತು."

ಅಲ್ಲಿಯವರೆಗೆ ಅಳದವಳು ಆಗ ಅತ್ತಳು, ಮಕ್ಕಳ ಹಾಗೆ, ಅಡುಗೆಯ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು. ತಿಬುರ್ಸಿಯೊ ಸಮಾಧಾನ ಮಾಡಲಿಲ್ಲ. ಅಳು ಮುಗಿದ ಮೇಲೆ ತನ್ನ ಕುರ್ಚಿಯನ್ನು ಅವಳ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು, ಕಿಟಕಿಯಿಂದ ಅಂಗಳದ ಕಡೆ ಕೈ ತೋರಿಸಿದ.

"ಕೆಳಗಿನಿಂದ ಶುರು ಮಾಡು," ಎಂದ. "ಒಂದನೇ ಮನೇಲಿ ಆಗ ಯಾರಿದ್ರು?"