ತೆನೆಹಬ್ಬದ ಎಂಜಲು

ಬಸ್ಸು ತಡವಾಗಿ, ನಾನು ಶಂಕರಪುರದ ಜೋಕಿಮ್ ಅವರ ಮನೆ ತಲುಪಿದಾಗ ಅವರ ಕೈಗೆ ಆಗಲೇ ಹಾಲಿನ ಲೋಟ ಬಂದಿತ್ತು. ಇಗರ್ಜಿಯಿಂದ ತಂದ ಹೊಸ ತೆನೆಯ ಕಾಳನ್ನು ಅರೆದು ಬೆರೆಸಿದ ಹಾಲು. ಮನೆಯ ಹಿರಿಯರು ಕುಡಿದ ಮೇಲೆ ಉಳಿದವರು ಕುಡಿಯಬೇಕು.

“ಕುಡೀಬ್ಯಾಡ್ರಿ!” ಬಾಗಿಲಲ್ಲೇ ಕೂಗಿಬಿಟ್ಟೆ.

ಇಡೀ ಕುಟುಂಬ ತಿರುಗಿ ನೋಡಿತು. ಮಗಳು ಕ್ಯಾರೆನ್ ನಕ್ಕಳು. “ಪಪ್ಪಾ, ಇವರೇ ಮಣಿಪಾಲದ ಶಿಲ್ಪಾ ಮೇಡಂ. ನಾನು ಹೇಳಿದ್ದೆ ಅಲ್ವಾ, ಮೊದಲು ಉಗುಳು, ಮತ್ತೆ ಊಟ.”

ನಾನು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಬಂದವರ ಜೀನ್‌ಗಳನ್ನು ಓದುವವಳು. ಕ್ಯಾರೆನ್‌ಳ ಸ್ತನ ಕ್ಯಾನ್ಸರ್ ಮರಳಿ ಬಂದಿತ್ತು. ಅವಳ ಒಂದು ಜೀನ್‌ನಲ್ಲಿ ಎಲ್ಲೂ ದಾಖಲಾಗದ ಬದಲಾವಣೆಯೊಂದು ಸಿಕ್ಕಿತ್ತು. ರೋಗಕ್ಕೆ ಅದೇ ಮೂಲವೆಂದು ತೋರಿಸಿದರೆ ಅವಳಿಗೆ ಹೊಂದುವ ಮಾತ್ರೆ ಇದೆ. ಇಲ್ಲದಿದ್ದರೆ ಮತ್ತೆ ಕೀಮೋ. ತೋರಿಸಲು, ರೋಗ ಬಂದ ಮತ್ತು ಬಾರದ ರಕ್ತಸಂಬಂಧಿಗಳಲ್ಲಿ ಆ ಬದಲಾವಣೆ ಯಾರ್ಯಾರಿಗಿದೆ ಎಂದು ನೋಡಬೇಕು; ಅದಕ್ಕೆ ಅವರ ಎಂಜಲು ಬೇಕು, ಅದೂ ಏನೂ ತಿನ್ನದ ಬಾಯಿಯದು. ಕಾರ್ಕಳ, ಕಾಪು, ದುಬೈಗಳಿಂದ ಎಲ್ಲರೂ ಒಂದೆಡೆ ಸೇರುವುದು ಈ ಹಬ್ಬಕ್ಕೆ ಮಾತ್ರ.

“ಹಬ್ಬದ ದಿನ ಉಗುಳುವುದಾ ಮಾರಾಯ್ರೆ!” ಜೋಕಿಮ್ ಲೋಟ ಕೆಳಗಿಟ್ಟರು. “ನನ್ನ ಎಂಜಲಲ್ಲಿ ಎಂತ ಉಂಟು?”

“ಅದನ್ನ ನೋಡಬೇಕ್ರಿ.”

ನಾನು ಕೊಟ್ಟ ಟ್ಯೂಬು ಹಿಡಿದು ಎಲ್ಲರೂ ಕುಳಿತರು. ಹಸಿದ ಬಾಯಿಗಳು ಒಣಗಿದ್ದವು. ಜೋಕಿಮ್ ಅವರ ತಂಗಿ, ಹಿಂದೆ ತಾವೂ ಕ್ಯಾನ್ಸರಿನಿಂದ ಪಾರಾಗಿದ್ದ ಆನ್ಸಿಲ್ಲಾ, ಒಳಗಿನಿಂದ ಉಪ್ಪಿನಕಾಯಿ ಭರಣಿ ತಂದು ನಡುವೆ ಇಟ್ಟು ಮುಚ್ಚಳ ತೆಗೆದರು.

“ಮೂಸುವುದು ಮಾತ್ರ. ಮುಟ್ಟಿದವರ ಕೈ ಮುರಿಯುತ್ತೇನೆ.”

ಮಿಡಿಮಾವಿನ ವಾಸನೆ ಕೋಣೆ ತುಂಬಿತು. ನನ್ನ ಬಾಯಲ್ಲೂ ನೀರೂರಿತು. ದುಬೈಯಿಂದ ಬಂದಿದ್ದ ಜೋಯ್‌ಸ್ಟನ್ ತನ್ನದು ತುಂಬಿತೆಂದು ಇನ್ನೊಂದು ಟ್ಯೂಬು ಕೇಳಿದ! ಆಮೇಲೆ ಹಾಲು, ಬಾಳೆಲೆ ಊಟ. ನನಗೂ ಒಂದು ಎಲೆ.

ಫಲಿತಾಂಶ ಪರದೆಯ ಮೇಲೆ ಬಂದ ಬೆಳಿಗ್ಗೆ ಕುರ್ಚಿಯಲ್ಲಿ ಕೂರಲಾರದೆ ನಿಂತೇ ಓದಿದೆ. ಆನ್ಸಿಲ್ಲಾ ಅವರಲ್ಲಿ ಅದೇ ಬದಲಾವಣೆ. ಕುಟುಂಬದಲ್ಲಿ ರೋಗ ಬಂದಿದ್ದ ಇನ್ನಿಬ್ಬರಲ್ಲೂ ಅದೇ. ರೋಗ ಬಾರದ ವಯಸ್ಸಾದ ಹೆಂಗಸರಲ್ಲಿ ಒಬ್ಬರಲ್ಲೂ ಇಲ್ಲ! ನಂಬದೆ ಮೊದಲಿನಿಂದ ಮತ್ತೆ ಪರೀಕ್ಷಿಸಿದೆ. ಆ ಬದಲಾವಣೆಯ ಪರಿಣಾಮ ತಿಳಿಯಲು ಜೀವಕೋಶಗಳ ಮೇಲೆ ಮಾಡಿದ್ದ ಪ್ರಯೋಗವೂ ಅದನ್ನೇ ಹೇಳುತ್ತಿತ್ತು. ತಜ್ಞರ ಸಭೆ ಒಪ್ಪಿತು: ಮಾತ್ರೆ ಕೊಡಬಹುದು.

ಮಣಿಪಾಲಕ್ಕೆ ಬಂದ ಅಪ್ಪ-ಮಗಳಿಬ್ಬರಿಗೂ ಎಲ್ಲ ವಿವರಿಸಿದೆ; ಗಂಡಸರಲ್ಲಿ ಅದು ಇದ್ದರೂ ಈ ರೋಗ ಬರುವುದು ಅಪರೂಪ ಎಂಬುದನ್ನೂ. ಜೋಕಿಮ್ ವರದಿಯ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು.

“ನನ್ನಲ್ಲೂ ಉಂಟು ಅಂತೀರಿ. ಹಾಗಾದರೆ ಇವಳಿಗೆ ಕೊಟ್ಟದ್ದು ನಾನೇ.”

“ಹೌದ್ರಿ.”

ಕ್ಯಾರೆನ್ ಅಪ್ಪನ ತೋಳು ಹಿಡಿದು ಅಲುಗಾಡಿಸಿದಳು. “ಪಪ್ಪಾ, ಈ ಗುಂಡು ಮೂಗು ಕೊಟ್ಟದ್ದೂ ನೀವೇ. ಅದಕ್ಕೆ ಮಾತ್ರೆ ಇಲ್ಲ. ಇದಕ್ಕೆ ಉಂಟು!”