ಅಂಬಿಗಿತ್ತಿಗೆ ಕೈ ಬಂತು

ಹೊಸದಾಗಿ ಅಚ್ಚಾಗುತ್ತಿದ್ದ ಪುಸ್ತಕದ ಇಪ್ಪತ್ತನಾಲ್ಕನೆಯ ಫಾರಂ ಓದಿ ಮುಗಿಸಿದ ಕಟಿಂಗಕ್ಕ ಅದನ್ನು ಮೇಜಿನ ಮೇಲೆ ಎಷ್ಟು ಜೋರಾಗಿ ಬಡಿದಳೆಂದರೆ, ಆಚೆ ಪುಸ್ತಕ ಹೊಲಿಯುವ ಮಷೀನಿನ ಮುಂದೆ ಕೂತಿದ್ದವಳು ಬೆಚ್ಚಿಬಿದ್ದು ದಾರ ಕಡಿದುಕೊಂಡಳು.

"ಏನಾಯ್ತೇ? ಇಲಿ ಬಂತಾ?"

"ಕೈ ಬಂತು! ಅಂಬಿಗಿತ್ತಿಗೆ ಕೈ ಬಂತಂತೆ!"

ಹೊಲಿಗೆಯವಳಿಗೆ ಅಂಬಿಗಿತ್ತಿ ಯಾರೆಂದು ಹೇಳಬೇಕಾಗಿರಲಿಲ್ಲ. ಆ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಅವಳು ಗೊತ್ತು. ಕಟಿಂಗಕ್ಕನ ಬಾಯಲ್ಲಿ ಒಂಬತ್ತು ವರ್ಷದಿಂದ ದಿನಕ್ಕೊಂದು ಸಲವಾದರೂ ಅವಳ ಮಾತು ಬರುತ್ತಿತ್ತು, ನೆರೆಮನೆಯ ಹೆಂಗಸಿನ ಸುದ್ದಿ ಬಂದಹಾಗೆ.

ಒಂಬತ್ತು ವರ್ಷದ ಹಿಂದೆ ಪ್ರೆಸ್ಸಿನ ಹಳೇ ಕಟಿಂಗ್ ಮಷೀನು ಕಟಿಂಗಕ್ಕನ ಬಲಗೈಯ ನಾಲ್ಕು ಬೆರಳನ್ನು ಒಂದೇ ಏಟಿಗೆ ತೆಗೆದುಕೊಂಡಿತ್ತು. ಬ್ಲೇಡಿಗೆ ಅಡ್ಡ ಇರಬೇಕಾದ ತಗಡನ್ನು, ಕೆಲಸ ಬೇಗ ಸಾಗಲಿ ಎಂದು ಯಾರೋ ಬಿಚ್ಚಿಟ್ಟಿದ್ದರು. ಉಳಿದದ್ದು ಹೆಬ್ಬೆರಳು ಮತ್ತು ಅಂಗೈ. ಎರಡು ತಿಂಗಳು ಕಳೆದು ಅವಳು ಬಂದಾಗ ಯಜಮಾನರು ನೆಲ ನೋಡುತ್ತ, "ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿಸ್ತೀನಮ್ಮ, ಬಂದವರ ಹೆಸರು ಬರ್ಕೋ, ಸಾಕು" ಎಂದಿದ್ದರು. "ಬಲಗೈ ಇಲ್ಲದವಳಿಗೆ ಬರೆಯೋ ಕೆಲಸ ಕೊಡ್ತೀರಲ್ಲ ಸಾರ್, ನಿಮ್ಮ ತಲೆ ಎಲ್ಲಿದೆ?" ಎಂದು ಕೇಳಿ, ಅವಳು ಸೀದಾ ಹೋಗಿ, ಆ ಹಳೆಯದರ ಬದಲು ತರಿಸಿದ್ದ ಹೊಸ ಮಷೀನಿನ ಮುಂದೆ ನಿಂತಿದ್ದಳು. ಅದಕ್ಕೆ ಎರಡು ಗುಂಡಿ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಬಲಗಡೆಯ ಗುಂಡಿಯನ್ನು ಅಂಗೈಯ ಬುಡದಿಂದ ಒತ್ತುವುದನ್ನು ಅವಳು ಒಂದೇ ದಿನದಲ್ಲಿ ಕಲಿತಳು. ಕಾಗದದ ಕಟ್ಟನ್ನು ಎಡಗೈ ಮತ್ತು ಬಲ ಮಣಿಕಟ್ಟಿನ ನಡುವೆ ಹಿಡಿದು, ಕುಟ್ಟಿ ಅಂಚು ಸಮ ಮಾಡುವುದಕ್ಕೆ ಮಾತ್ರ ನಾಲ್ಕು ತಿಂಗಳು ಬೇಕಾಯಿತು.

ಆ ನಾಲ್ಕು ತಿಂಗಳಲ್ಲೇ 'ಬೂದಿನಾಡಿನ ಕಥೆಗಳು' ಮಾಲೆಯ ಮೊದಲ ಸಂಪುಟ ಪ್ರೆಸ್ಸಿಗೆ ಬಂತು. ಮಾಟಗಾರರು, ಮಾತಾಡುವ ಹದ್ದುಗಳು, ಉರಿಯುವ ಊರುಗಳ ಕಥೆ. ಕಟಿಂಗಕ್ಕ ಅದುವರೆಗೆ ಕತ್ತರಿಸಿದ ಪುಸ್ತಕಗಳಿಗೆ ಲೆಕ್ಕವಿಲ್ಲ, ಓದಿದ್ದು ಮಾತ್ರ ಒಂದೂ ಇಲ್ಲ. ಒಂದು ಮಧ್ಯಾಹ್ನ ಕೈ ಸೋತು ಕೂತಿದ್ದಾಗ, ಮಸಿ ಜಾಸ್ತಿಯಾಗಿ ರದ್ದಿಗೆ ಬಿದ್ದಿದ್ದ ಹದಿನಾರು ಪುಟದ ಒಂದು ಫಾರಂ ಕಣ್ಣಿಗೆ ಬಿತ್ತು. ಅದರಲ್ಲಿ ಒಬ್ಬ ಅಂಬಿಗಿತ್ತಿ. ಮೊಣಕೈಯಿಂದ ಕೆಳಗೆ ಬಲಗೈ ಇಲ್ಲ. ಹುಟ್ಟನ್ನು ತೊಗಲಿನ ಪಟ್ಟಿಯಿಂದ ಭುಜಕ್ಕೆ ಬಿಗಿದುಕೊಂಡು ಬೂದಿಹೊಳೆಯಲ್ಲಿ ದೋಣಿ ನಡೆಸುತ್ತಾಳೆ. ರೇಷ್ಮೆ ಉಟ್ಟ ಸರದಾರನೊಬ್ಬ ದಡದಲ್ಲಿ ನಿಂತು, ಒಂಟಿಗೈಯವಳ ದೋಣಿ ಹತ್ತಬೇಕೇ ಎಂದು ಮೂಗು ಮುರಿಯುತ್ತಾನೆ. ಅಂಬಿಗಿತ್ತಿ ಹೊಳೆಗೆ ಉಗಿದು ಹೇಳುತ್ತಾಳೆ: "ನಿಮಗೆ ಎರಡಿವೆಯಲ್ಲ, ಈಜಿಕೊಂಡು ಹೋಗಿ."

ಕಟಿಂಗಕ್ಕ ನಕ್ಕಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಅದೂ ಸೇರಿ ಆರು ಸಂಪುಟ ಬಂದವು. ರದ್ದಿ ಫಾರಂಗಳನ್ನು ಮನೆಗೆ ಒಯ್ದು ಮಗಳಿಗೆ ಓದಿ ಹೇಳುತ್ತಿದ್ದಳು. ಆಗ ಐದು ವರ್ಷದವಳಾಗಿದ್ದ ಮಗಳು ಈಗ ಹದಿನಾಲ್ಕು ದಾಟಿ, ಅಮ್ಮನಿಗಿಂತ ಬೇಗ ಓದಿ ಮುಗಿಸುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಕೈ ನೋಡಿ "ಪಾಪ" ಅಂದರೆ, ಕಟಿಂಗಕ್ಕ ಅಂಬಿಗಿತ್ತಿಯ ಧಾಟಿಯಲ್ಲೇ ಉತ್ತರ ಕೊಡುತ್ತಿದ್ದಳು. ಅಂಬಿಗಿತ್ತಿ ಬಾಯಿಬಡುಕಿ, ಜಗಳಗಂಟಿ, ಸಾಲದ್ದಕ್ಕೆ ಮೂಗಿನ ತುದಿಯಲ್ಲೇ ಕೋಪ. ತನ್ನ ಒಡಹುಟ್ಟಿದವಳೇ ಇದ್ದಹಾಗೆ ಇದ್ದಾಳೆ ಎಂದು ಕಟಿಂಗಕ್ಕನಿಗೆ ಅನಿಸುತ್ತಿತ್ತು.

ಈಗ ಏಳನೆಯದು, ಕೊನೆಯದು. ಅದರ ಇಪ್ಪತ್ತನಾಲ್ಕನೆಯ ಫಾರಂನಲ್ಲಿ ಬೂದಿಹೊಳೆ ಹೆಣ್ಣಿನ ರೂಪದಲ್ಲಿ ಎದ್ದು ನಿಂತು, "ನಿನ್ನ ತಾಳ್ಮೆಗೆ ಮೆಚ್ಚಿದೆ" ಎನ್ನುತ್ತದೆ. ಅಂಬಿಗಿತ್ತಿಯ ಮೊಣಕೈಯಿಂದ ಹೊಸ ಕೈ ಚಿಗುರುತ್ತದೆ, ಮೊಗ್ಗು ಬಿರಿದಂತೆ ಒಂದೊಂದೇ ಬೆರಳು. ಅವಳು ಅತ್ತು ಹೇಳುತ್ತಾಳೆ: "ಈಗ ನಾನು ಪೂರ್ತಿಯಾದೆ."

"ಒಳ್ಳೇದೇ ಆಯ್ತಲ್ಲೇ, ಪಾಪ," ಎಂದಳು ಹೊಲಿಗೆಯವಳು.

"ಪಾಪ ಅಂದ್ರೆ ನೋಡು ಮತ್ತೆ! ತಾಳ್ಮೆಯಂತೆ. ಅವಳಿಗೆ ಯಾವತ್ತಿತ್ತು ತಾಳ್ಮೆ? ರಾಜನ ತಲೆ ಮೇಲೆ ಹುಟ್ಟಿಂದ ಕುಟ್ಟಿದವಳು ಅವಳು! ಈಗ ಪೂರ್ತಿಯಾದಳಂತೆ. ಹಾಗಾದ್ರೆ ಆರು ಪುಸ್ತಕದಲ್ಲಿ ದೋಣಿ ನಡೆಸಿದ್ದು ಯಾರು, ಅರ್ಧ ಹೆಂಗಸಾ?"

ಅವತ್ತು ಅವಳು ಊಟದ ಡಬ್ಬಿ ತೆರೆಯಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಹಾಗೆಂದು ಒಂದು ಪುಸ್ತಕವನ್ನೂ ಓರೆಯಾಗಿ ಕತ್ತರಿಸಲಿಲ್ಲ. ಕೋಪವನ್ನು ಕಾಗದದ ಮೇಲೆ ತೀರಿಸಿಕೊಳ್ಳುವವಳು ಅವಳಲ್ಲ. ಆದರೆ ಆ ಫಾರಂ ಅನ್ನು ಮನೆಗೆ ಒಯ್ಯಲಿಲ್ಲ. ಮಗಳು ಕೇಳಿದಾಗ, "ಇನ್ನೂ ಅಚ್ಚಾಗಿಲ್ಲ" ಎಂದು ಸುಳ್ಳು ಹೇಳಿದಳು.

ನಾಲ್ಕನೆಯ ದಿನ ಲೇಖಕಿಯೇ ಪ್ರೆಸ್ಸಿಗೆ ಬಂದರು. ಅಂಗಡಿಗಳಿಗೆ ಹೋಗುವ ಮುಂಚೆ ಐನೂರು ಪ್ರತಿಗೆ ಸಹಿ ಹಾಕಬೇಕಿತ್ತು. ಬೈಂಡಿಂಗ್ ಹಾಲಿನಲ್ಲಿ ಮೇಜು ಹಾಕಿದ್ದರು. ತೆಳ್ಳಗಿನ, ನರೆಗೂದಲಿನ ಹೆಂಗಸು, ದನಿ ಮೆತ್ತಗೆ. ಯಜಮಾನರು ಕೆಲಸದವರನ್ನೆಲ್ಲ ಕರೆದು ಪರಿಚಯ ಮಾಡಿಸುತ್ತ ಬಂದರು. ಪ್ರೂಫ್ ಮೇಷ್ಟ್ರು ಪಕ್ಕದಲ್ಲೇ ಕನ್ನಡಕ ಒರೆಸುತ್ತ ನಿಂತಿದ್ದರು.

"ಇವಳು ನಮ್ಮ ಕಟಿಂಗಕ್ಕ. ನಿಮ್ಮ ಏಳೂ ಪುಸ್ತಕ ಇವಳ ಕೈಯಿಂದಲೇ ಹೋಗಿರೋದು."

ಕಟಿಂಗಕ್ಕ ಬಲಗೈಯನ್ನೇ ಮುಂದೆ ಚಾಚಿದಳು. ಲೇಖಕಿ ಅದನ್ನು ನೋಡಿದರು, ಹಿಡಿದುಕೊಂಡರು. ಕಣ್ಣು ತುಂಬಿ ಬಂತು.

"ನಮ್ಮ ಅಂಬಿಗಿತ್ತಿ ಇಲ್ಲೇ ಇದ್ದಾಳಲ್ಲ! ಕೊನೆಯದು ಓದಿದ್ರಾ? ಅವಳಿಗೆ ಕೈ ಬಂದದ್ದು ನಿಮಗೆ ಸಂತೋಷ ಆಗಿರಬೇಕು."

"ಆಗ್ಲಿಲ್ಲ," ಎಂದಳು ಕಟಿಂಗಕ್ಕ. "ಹೊಟ್ಟೆ ಉರೀತು."

ಯಜಮಾನರು ಕೆಮ್ಮಿದರು.

"ಕೆಮ್ಮಬೇಡಿ ಸಾರ್, ಹೇಳೇ ಹೇಳ್ತೀನಿ. ಅಮ್ಮಾ, ನಾನು ಓದಿದವಳಲ್ಲ, ನೀವು ದೊಡ್ಡವರು. ಆದರೆ ಒಂದು ಕೇಳ್ತೀನಿ. ಕೈ ಬೇಕು ಅಂತ ಅವಳು ನಿಮ್ಮನ್ನ ಕೇಳಿದ್ಲಾ? ಆರು ಪುಸ್ತಕದಲ್ಲಿ ಒಂದು ಸಲ? ಅವಳಿಗೆ ಬೇಕಾಗಿದ್ದದ್ದು ಸೋರದ ದೋಣಿ. ಅದನ್ನ ಕೊಡಲಿಲ್ಲ ನೀವು. ಕೇಳದೇ ಇರೋದನ್ನ ಕೊಟ್ಟು, ಮೇಲಿಂದ ಅಳಿಸಿದ್ರಿ. ನನ್ನಂಥವರು ಇದನ್ನ ಓದಿ ಏನು ಅಂದ್ಕೋಬೇಕು? ನಿಮಗೆ ಹೊಳೆ ಬರಲಿಲ್ಲ, ನಿಮ್ಮ ತಾಳ್ಮೆ ಸಾಲದು, ಅರ್ಧದಲ್ಲೇ ಇರಿ, ಅಂತಾನಾ?"

ಲೇಖಕಿ ಪೆನ್ನಿನ ಮುಚ್ಚಳ ಹಾಕಿದರು.

"ನಾನು ಬರೆದಿದ್ದೇ ಬೇರೆ," ಎಂದರು ಮೆಲ್ಲಗೆ. "ದೋಣಿ ಜೊತೆ ಅವಳು ಮುಳುಗಿ ಸಾಯ್ತಾಳೆ ಅಂತ ಬರೆದಿದ್ದೆ. ಆಮೇಲೆ ಒಬ್ಬ ಹುಡುಗಿಯ ಕಾಗದ ಬಂತು. ಒಂದಲ್ಲ, ಐದು. ಅವಳ ಅಮ್ಮನ ಕೈ ಮಷೀನಿಗೆ ಸಿಕ್ಕಿತ್ತಂತೆ. 'ನನ್ನ ಅಮ್ಮನ ಕೈ ಇನ್ನು ಬರಲ್ಲ, ಅಂಬಿಗಿತ್ತಿಯದ್ದಾದರೂ ಬರಲಿ' ಅಂತ ಬರೆದಿದ್ಲು. ಆ ಕಾಗದ ಇಟ್ಕೊಂಡು ಅವಳನ್ನ ಮುಳುಗಿಸೋಕೆ ನನ್ನ ಕೈಲಿ ಆಗಲಿಲ್ಲ."

"ಯಾವ ಹುಡುಗಿ?"

ಲೇಖಕಿ ಉತ್ತರ ಕೊಡುವ ಮೊದಲೇ ಕಟಿಂಗಕ್ಕನಿಗೆ ಪ್ರೂಫ್ ಮೇಷ್ಟ್ರ ಮುಖ ಕಂಡಿತು. ಒರೆಸಿದ ಕನ್ನಡಕವನ್ನೇ ಅವರು ಮತ್ತೆ ಒರೆಸುತ್ತಿದ್ದರು.

"ಮೇಷ್ಟ್ರೇ?"

"ನಿನ್ನ ಊಟದ ಡಬ್ಬಿ ಗೇಟಿಗೆ ತಂದಾಗ ಮಗು ನನ್ನ ಕೈಗೆ ಕೊಡ್ತಿತ್ತಮ್ಮ. ಪ್ರೂಫಿನ ಜೊತೆ ಈ ಅಮ್ಮನಿಗೆ ಕಳಿಸಿ ಅಂತಿತ್ತು. ನಾನು ಓದಲಿಲ್ಲ, ಆಣೆಗೂ ಓದಲಿಲ್ಲ. ಓದಿದ್ರೆ ಕಾಗುಣಿತನಾದ್ರೂ ತಿದ್ದುತ್ತಿದ್ದೆ."

ಯಾರೋ ಕಿಸಕ್ಕೆಂದರು. ಕಟಿಂಗಕ್ಕ ನಗಲಿಲ್ಲ. ಲೇಖಕಿಯ ಕಡೆ ತಿರುಗಿ, "ಮಗು ಕೇಳ್ತು ಅಂತ ಕೊಟ್ರಿ. ಮಗುವಿನ ಅಮ್ಮನ್ನೂ ಒಂದು ಮಾತು ಕೇಳಬಹುದಿತ್ತು" ಎಂದು ಹೇಳಿ, ಮಷೀನಿನ ಹತ್ತಿರ ಹೋದಳು. ಲೇಖಕಿ ಸಹಿ ಮುಗಿಸಿ ಹೊರಡುವಾಗ ಎರಡು ಸಲ ಇತ್ತ ನೋಡಿದರು. ಇವಳು ತಲೆ ಎತ್ತಲಿಲ್ಲ.

ಕೆಲಸ ಬಿಟ್ಟಾಗ ಇನ್ನೂ ಬಿಸಿಲಿತ್ತು. ಎಂದಿನಂತೆ ಪ್ರೆಸ್ಸಿನ ಕೋಟು ತೊಟ್ಟೇ, ಬಸ್ಸಿಗೆ ಕಾಯದೆ ನಡೆದು ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮಸೆದುಕೊಂಡಳು. ಎರಡನೇ ಮಹಡಿಯ ಮನೆ, ಎರಡೇ ಕೋಣೆ. ಗಂಡ ಲಾರಿ ಓಡಿಸುವವನು, ಆ ವಾರ ಊರಲ್ಲಿರಲಿಲ್ಲ. ಮಗಳು ಕಿಟಕಿಯ ಹತ್ತಿರ ನೆಲದ ಮೇಲೆ ಪುಸ್ತಕ ಹರಡಿಕೊಂಡು ಲೆಕ್ಕ ಮಾಡುತ್ತಿದ್ದಳು.

"ಕಾಗದ ಬರೆದ್ಯಾ ನೀನು? ಆ ಲೇಖಕಿಗೆ?"

ಮಗಳು ಪೆನ್ಸಿಲ್ ಬಿಟ್ಟಳು. ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ಇದ್ದಕ್ಕಿದ್ದಂತೆ ಅರಳಿತು.

"ಬಂತಾ? ಅಮ್ಮಾ, ಅವಳಿಗೆ ಕೈ ಬಂತಾ?"

ಆ ಸಂತೋಷವೇ ಕಟಿಂಗಕ್ಕನನ್ನು ಕೆಂಡಾಮಂಡಲ ಮಾಡಿದ್ದು.

"ಬಂತು! ನಿನ್ನ ಕೃಪೆಯಿಂದ ಬಂತು! ಯಾರೇ ಹೇಳಿದ್ದು ನಿನಗೆ? ನನ್ನ ಕೈ ಸುದ್ದಿ ಕಂಡವರಿಗೆಲ್ಲ ಬರೆದು ತಿರುಪೆ ಎತ್ತು ಅಂತ ನಾನು ಹೇಳಿದ್ನಾ? ಕೈ ಬೇಕು ಅಂತ ನಾನು ಯಾವತ್ತಾದ್ರೂ ಅತ್ತಿದ್ದು ನೋಡಿದ್ದೀಯಾ?"

"ಇಲ್ಲ."

"ಮತ್ತೆ?"

"ಅತ್ತಿದ್ದೂ ನೋಡಿಲ್ಲ, ಕೈಯನ್ನೂ ನೋಡಿಲ್ಲ!" ಮಗಳು ಎದ್ದು ನಿಂತಳು. ದನಿ ಅಮ್ಮನದ್ದೇ, ಅಷ್ಟೇ ಜೋರು. "ಪ್ರೆಸ್ಸಲ್ಲಿ ಅದೇ ಕೈಲಿ ಗುಂಡಿ ಒತ್ತುತ್ತೀಯಂತೆ, ಎಲ್ಲರ ಮುಂದೆ ಆಡಿಸ್ತೀಯಂತೆ. ಹೊಲಿಗೆ ಆಂಟಿ ಹೇಳ್ತಾರೆ. ಮನೆಗೆ ಬಂದ್ರೆ ಜೇಬಲ್ಲಿ! ತಲೆ ಬಾಚೋದೂ ಎಡಗೈಲಿ, ಜ್ವರ ಬಂದಾಗ ಹಣೆ ಮುಟ್ಟೋದೂ ಎಡಗೈಲಿ. ರಸ್ತೆ ದಾಟುವಾಗ ನಾನು ಬಲಗಡೆ ಬಂದ್ರೆ ನೀನು ಸುತ್ತು ಹಾಕಿ ಈ ಕಡೆ ಬರ್ತೀಯ. ನನಗೇನು ಗೊತ್ತಾಗಲ್ವಾ? ನಿನ್ನ ಬಲಗೈ ಅಂದ್ರೆ ನನಗೆ ಕೋಟಿನ ಜೇಬು, ಅಷ್ಟೇ. ಅಷ್ಟು ಬಚ್ಚಿಡ್ತಾಳೆ ಅಂದ್ರೆ ಎಷ್ಟು ನೋವಿರಬೇಕು ಅಂದ್ಕೊಂಡೆ. ಅದಕ್ಕೇ ಬರೆದೆ!"

ಕಟಿಂಗಕ್ಕ ತನ್ನ ಕೋಟಿನ ಕಡೆ ನೋಡಿಕೊಂಡಳು. ಆಗಲೂ ಬಲಗೈ ಜೇಬಿನಲ್ಲೇ ಇತ್ತು. ಯಾವಾಗ ಹೋಗಿ ಕೂತಿತೋ ಅವಳಿಗೇ ತಿಳಿದಿರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಇರಬೇಕು.

"ನೀನು ಕಿರುಚಿದ್ದೆ," ಎಂದಳು.

"ಯಾವಾಗ?"

"ನಾನು ಆಸ್ಪತ್ರೆಯಿಂದ ಬಂದ ದಿನ. ಎತ್ತಿಕೊಳ್ಳೋಕೆ ಬಂದೆ. ಹೊಲಿಗೆ ಇನ್ನೂ ಹಸಿಯಾಗಿತ್ತು. ನೀನು ಕಿರುಚಿಕೊಂಡು ಹೋಗಿ ಬೀರು ಹಿಂದೆ ಕೂತೆ. ಎರಡು ದಿನ ನನ್ನ ಹತ್ತಿರ ಬರಲಿಲ್ಲ. ನಿಮ್ಮಪ್ಪನೇ ಊಟ ಮಾಡಿಸಿದ್ದು."

ಮಗಳು ಬಾಯಿ ತೆರೆದುಕೊಂಡು ನೋಡಿದಳು. ಅವಳಿಗೆ ಅದು ನೆನಪೇ ಇರಲಿಲ್ಲ.

"ನನಗೆ ಐದು ವರ್ಷ ಅಮ್ಮಾ! ಐದು ವರ್ಷದವಳು ಜಿರಲೆ ನೋಡಿದ್ರೂ ಕಿರುಚ್ತಾಳೆ! ಅದನ್ನ ಹಿಡ್ಕೊಂಡು ಒಂಬತ್ತು ವರ್ಷ... ನನ್ನನ್ನ ಒಂದು ಸಲ ಕೇಳಬಾರದಿತ್ತಾ?"

ಅದೇ ಮಾತನ್ನು ಮಧ್ಯಾಹ್ನ ಲೇಖಕಿಗೆ ತಾನು ಹೇಳಿ ಬಂದದ್ದು ಕಟಿಂಗಕ್ಕನ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಕುರ್ಚಿ ಎಳೆದುಕೊಂಡು ಕೂತಳು. ಕೋಪ ಇಳಿದಿರಲಿಲ್ಲ, ಆದರೆ ಯಾರ ಮೇಲೆ ಎಂದು ಕೇಳಿದ್ದರೆ ಉತ್ತರ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಸಿಟ್ಟಿನಲ್ಲೇ ಕೈಯನ್ನು ಜೇಬಿನಿಂದ ಕಿತ್ತು ಮೇಜಿನ ಮೇಲಿಟ್ಟಳು.

"ನೋಡು. ಇದೇ. ನೋಡ್ಕೋ."

ಮಗಳು ಬಗ್ಗಿ ನೋಡಿದಳು. ಬೆರಳುಗಳಿದ್ದ ಕಡೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಗುಂಡಿ ಒತ್ತಿ ಒತ್ತಿ ಅಂಗೈಯ ಬುಡ ಕಲ್ಲಿನಂತೆ ಗಟ್ಟಿಯಾಗಿತ್ತು. ಅವಳು ಒಂದು ಬೆರಳು ಮುಂದೆ ಮಾಡಿ ಮುಟ್ಟಿದಳು. ಕಟಿಂಗಕ್ಕನ ಭುಜ ಬಿಗಿಯಿತು. ಕೈ ಹಿಂದೆ ಎಳೆದುಕೊಳ್ಳದೆ ಇರುವುದಕ್ಕೆ ಅವಳು ಹಲ್ಲು ಕಚ್ಚಬೇಕಾಯಿತು.

"ಇಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಕಚಗುಳಿ ಆಗುತ್ತೆ, ಬಿಡು."

"ನೋವು?"

"ಚಳೀಲಿ ಸ್ವಲ್ಪ. ಇಲ್ಲದಿರೋ ಬೆರಳೇ ನೋಯುತ್ತೆ, ಹುಚ್ಚು." ಹೇಳಿದ ಮೇಲೆ, ಇದನ್ನು ಗಂಡನಿಗೂ ಹೇಳಿರಲಿಲ್ಲ ಎಂದು ಹೊಳೆಯಿತು.

ಮಗಳು ಕೈ ಬಿಡಲಿಲ್ಲ. ಹೆಬ್ಬೆರಳನ್ನು ಮಡಿಸಿ ಬಿಡಿಸಿ ನೋಡಿದಳು, ಅಂಗೈಯನ್ನು ತಿರುಗಿಸಿ ನೋಡಿದಳು. ಆಮೇಲೆ ಅದರ ಮೇಲೆ ಕೆನ್ನೆ ಇಟ್ಟಳು. ಅವಳ ಕೆನ್ನೆ ಒದ್ದೆಯಾಗಿತ್ತು. ಹೊರಗೆ ಯಾರದೋ ಮನೆಯ ಕುಕ್ಕರ್ ಮೂರು ಸಲ ಕೂಗಿ ನಿಂತಿತು.

"ಆದ್ರೂ ನೀನು ಬರೆದದ್ದು ತಪ್ಪು," ಎಂದಳು ಕಟಿಂಗಕ್ಕ.

"ತಪ್ಪೇನಿಲ್ಲ."

"ಅವರು ಅವಳನ್ನ ಮುಳುಗಿಸಬೇಕು ಅಂತಿದ್ರಂತೆ. ನಿನ್ನ ಕಾಗದ ನೋಡಿ ಬಿಟ್ರಂತೆ."

"ನೋಡಿದ್ಯಾ? ಮತ್ತೆ ಬದುಕಿಸಿದ್ದು ನಾನೇ ತಾನೇ!"

"ಮುಳುಗೋದೂ ಬೇಡ, ಕೈಯೂ ಬೇಡ. ಇದ್ದಹಾಗೇ ದೋಣಿ ನಡೆಸ್ಕೊಂಡು ಇರಬೇಕಿತ್ತು. ಅಷ್ಟು ಬರೆಯೋಕೆ ಏನು ಕಷ್ಟ ಅವರಿಗೆ?"

"ಕೈ ಬಂದ್ರೂ ಅವಳು ಅವಳೇ ಅಲ್ವಾ?"

"ಅಲ್ಲ! ಕೊನೇ ಮೂರು ಫಾರಂ ಓದು, ಬೆಣ್ಣೆ ಹಾಗೆ ಮಾತಾಡ್ತಾಳೆ. ಒಂದೇ ಒಂದು ಬೈಗುಳ ಇಲ್ಲ!"

ಊಟ ಮುಗಿಯುವವರೆಗೂ ಇಬ್ಬರೂ ಇದಕ್ಕೇ ಕಚ್ಚಾಡಿದರು. ಮಗಳು ಕೊನೆಗೂ ಒಪ್ಪಲಿಲ್ಲ. ಕಟಿಂಗಕ್ಕನೂ ಸೋಲಲಿಲ್ಲ.

ಪುಸ್ತಕ ಚೆನ್ನಾಗಿ ಹೋಯಿತು. ಎರಡೇ ತಿಂಗಳಲ್ಲಿ ಎರಡನೆಯ ಮುದ್ರಣಕ್ಕೆ ಬಂತು. ಕತ್ತರಿಸಲು ಕಟ್ಟುಗಳನ್ನು ತಂದಿಡುವಾಗ ಯಜಮಾನರು ಅವಳ ಮುಖ ನೋಡಿ, ಸ್ವಲ್ಪ ದೂರದಲ್ಲೇ ನಿಂತು ಕೇಳಿದರು: "ಕೋಪ ಇಳೀತೇನಮ್ಮ?"

"ಮಗಳ ಮೇಲಿದ್ದದ್ದು ಇಳೀತು ಸಾರ್," ಎಂದಳು ಅವಳು, ಅಂಚು ಸಮ ಮಾಡುತ್ತ. "ಆ ಹೊಳೆ ಮೇಲಿರೋದು ಹಾಗೇ ಇದೆ. ಸ್ವಲ್ಪ ಪಕ್ಕಕ್ಕೆ ನಿಲ್ಲಿ."